ನಾಲ್ಕು ತಂತಿಯ ಸ್ವಿಚ್ಚು

ನಮ್ಮ ಮನೆಯ ಮಹಡಿ ಮೆಟ್ಟಿಲಿನ ಗೋಡೆಯಲ್ಲಿ ಒಂದು ಹಟಮಾರಿ ಸ್ವಿಚ್ಚು ಇತ್ತು. ಸಭ್ಯ ಸ್ವಿಚ್ಚುಗಳಿಗೆಲ್ಲ ಒಂದು ಕಟ್ಟುಪಾಡು ಉಂಟು: ಕೆಳಕ್ಕೆ ಒತ್ತಿದರೆ ದೀಪ ಹತ್ತಬೇಕು, ಮೇಲಕ್ಕೆ ಎತ್ತಿದರೆ ಆರಬೇಕು. ಇದಕ್ಕೆ ಅದು ಅನ್ವಯಿಸುತ್ತಿರಲಿಲ್ಲ. ಇಂದು ಮೇಲೆತ್ತಿದರೆ ಬೆಳಕು, ನಾಳೆ ಕೆಳಗೊತ್ತಿದರೆ ಬೆಳಕು. ಮೆಟ್ಟಿಲಿನ ಬುಡದಲ್ಲಿಯೂ ತುದಿಯಲ್ಲಿಯೂ ಇದ್ದ ಎರಡು ಸ್ವಿಚ್ಚುಗಳ ನಡತೆಯೂ ಹೀಗೆಯೇ. ಆದರೆ ಅವು ಜೋಡಿ, ಒಂದರ ತಪ್ಪನ್ನು ಇನ್ನೊಂದರ ತಲೆಗೆ ಕಟ್ಟಬಹುದು. ಮೆಟ್ಟಿಲು ತಿರುಗುವ ಕಡೆ, ನಡುಕೋಣೆಯ ಬಾಗಿಲ ಪಕ್ಕದಲ್ಲಿದ್ದ ಇದು ಮಾತ್ರ ಒಂಟಿ. ಹುಡುಗರಾಗಿದ್ದಾಗ ನಾವು ಅದಕ್ಕೆ ‘ತಲೆಹರಟೆ’ ಎಂದು ಹೆಸರಿಟ್ಟಿದ್ದೆವು.

ಆಕಾರದಲ್ಲಿಯೂ ಅದು ಬೇರೆಯೇ. ಉಳಿದ ಸ್ವಿಚ್ಚುಗಳೆಲ್ಲ ಒಂದೊಂದಾಗಿ ಹೋಗಿ ಬಿಳಿಯ ಪಿಯಾನೋ ಸ್ವಿಚ್ಚುಗಳು ಬಂದು ಎಷ್ಟೋ ವರ್ಷವಾಗಿತ್ತು. ಇದು ಮಾತ್ರ ತೇಗದ ದುಂಡು ದಿಮ್ಮಿಯ ಮೇಲೆ, ಹಿತ್ತಾಳೆಯ ಗುಮ್ಮಟದಂಥ ಮುಚ್ಚಳ ಹೊತ್ತು, ಕಡಲೆಕಾಳಿನಷ್ಟು ಗುಂಡು ತುದಿಯ ಒಂದು ಪುಟ್ಟ ಸನ್ನೆಯನ್ನು ಚಾಚಿಕೊಂಡು ಕುಳಿತಿತ್ತು. ಪ್ರತಿ ಸಲ ಸುಣ್ಣ ಬಳಿಯುವವನು ಅದರ ಅಂಚಿಗೂ ಒಂದು ಕೈ ಬಳಿದು ಹೋಗುತ್ತಿದ್ದ. ಅದನ್ನು ಬದಲಾಯಿಸದೆ ಬಿಟ್ಟದ್ದು ಪ್ರೀತಿಯಿಂದಲ್ಲ. ಹಿಂದೆ ಬಂದಿದ್ದ ಕೆಲಸಗಾರನಿಗೆ ಅದರ ಬದಲಿ ಸಿಕ್ಕಿರಲಿಲ್ಲ, ಅಷ್ಟೆ.

ಕಳೆದ ಮಳೆಗಾಲದಲ್ಲಿ ಆ ಗೋಡೆಗೆ ನೀರು ಇಳಿಯಿತು. ಒಂದು ಸಂಜೆ ಹಿತ್ತಾಳೆಯ ಮುಚ್ಚಳಕ್ಕೆ ಬೆರಳು ತಾಕಿದಾಗ ಜುಮ್ ಎಂದಿತು. ಮರುದಿನವೇ ಎಲೆಕ್ಟ್ರಿಷಿಯನ್ ಬಂದ. ಇಪ್ಪತ್ತೈದರ ಒಳಗಿನ ಹುಡುಗ, ಕೆಲಸದಲ್ಲಿ ಚುರುಕು. ಮುಚ್ಚಳವನ್ನು ತಿರುಗಿಸಿ ತೆಗೆದು, ಟಾರ್ಚು ಹಾಕಿ ನೋಡಿ, ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಸಾರ್, ಇದರಲ್ಲಿ ನಾಲ್ಕು ತಂತಿ ಇದೆ.”

ನಾಲ್ಕಾದರೇನು ಎಂದೆ. ಮಾಮೂಲು ಸ್ವಿಚ್ಚಿಗೆ ಎರಡು ತಂತಿ, ಮೆಟ್ಟಿಲಿನ ಟೂ-ವೇ ಸ್ವಿಚ್ಚಿಗೆ ಮೂರು. ನಾಲ್ಕು ತಂತಿಯದನ್ನು ತಾನು ಕೈಯಲ್ಲಿ ಹಿಡಿದೇ ಇಲ್ಲವೆಂದ. ಹಿಡಿಯದಿದ್ದರೂ ಬುದ್ಧಿವಂತ. ತಂತಿಗಳನ್ನು ಎರಡೆರಡಾಗಿ ಜೋಡಿಸಿ ಟೇಪು ಸುತ್ತಿ, ಕೆಳಗಿನಿಂದಲೂ ಮೇಲಿನಿಂದಲೂ ದೀಪ ಹಾಕಿ ಆರಿಸಿ ತೋರಿಸಿದ. “ಎರಡು ಕಡೆ ಕೆಲಸ ಮಾಡ್ತಿದೆ ಸಾರ್. ಮಧ್ಯದ್ದು ಬೇಕಿಲ್ಲ. ತೂತಿಗೆ ಸಿಮೆಂಟ್ ಹಾಕಿಬಿಡ್ತೀನಿ.”

ನಾನು ಹೂಂ ಅನ್ನುವವನೇ. ಅಷ್ಟರಲ್ಲಿ ನಡುಕೋಣೆಯ ಬಾಗಿಲಿಗೆ ನಮ್ಮ ಸೋದರತ್ತೆ ಬಂದು ನಿಂತರು. ಅವರಿಗೆ ಎಂಬತ್ತೈದು ದಾಟಿದೆ. ಆ ಕೋಣೆ ಅವರದು. ಹುಟ್ಟಿದ್ದೂ ಈ ಮನೆಯಲ್ಲೇ, ಮೈಸೂರಿನಲ್ಲಿ ಸಂಸಾರ ಮಾಡಿ, ಭಾವನವರು ಹೋದ ಮೇಲೆ ತಿರುಗಿ ಬಂದದ್ದೂ ಇಲ್ಲಿಗೇ. “ಅದನ್ನ ಮುಚ್ಚಬೇಡ ಕಣೋ,” ಅಂದರು. “ರಾತ್ರಿ ಎದ್ದರೆ ನಾನು ಕತ್ತಲಲ್ಲಿ ಹತ್ತಿ ಹಾಕಲೋ, ಇಳಿದು ಹಾಕಲೋ?”

ಈ ಪ್ರಶ್ನೆಗೆ ನನ್ನಲ್ಲಾಗಲಿ ಎಲೆಕ್ಟ್ರಿಷಿಯನ್ನನಲ್ಲಾಗಲಿ ಉತ್ತರವಿರಲಿಲ್ಲ. ಸಿಮೆಂಟು ನಿಂತಿತು.

ಕಳಚಿದ ಸ್ವಿಚ್ಚನ್ನು ಮೇಜಿನ ಮೇಲಿಟ್ಟುಕೊಂಡು ನೋಡುತ್ತ ಕುಳಿತೆ. ಬುಡ ಬಿಳಿಯ ಪಿಂಗಾಣಿ. ಅದರಲ್ಲಿ ನಾಲ್ಕು ಹಿತ್ತಾಳೆಯ ಕಂಬಗಳು, ನಡುವೆ ಎರಡು ನಾಲಗೆಗಳು, ಅವುಗಳ ಬೆನ್ನಿಗೆ ಒಂದು ಬಿಗಿಯಾದ ಸ್ಪ್ರಿಂಗು. ಮುಚ್ಚಳದ ಒಳಗೆ ಶಾಖಕ್ಕೆ ಕಂದಿದ ದಪ್ಪ ಕಾಗದದ ಅಸ್ತರಿ. ಬುಡದ ಅಡಿಯಲ್ಲಿ ‘ಮೇಡ್ ಇನ್ ಇಂಗ್ಲೆಂಡ್’ ಎಂಬ ಮುದ್ರೆ. ಸನ್ನೆಯನ್ನು ನಿಧಾನವಾಗಿ, ಎಷ್ಟೇ ನಿಧಾನವಾಗಿ ಸರಿಸಿದರೂ ನಾಲಗೆಗಳು ನಿಧಾನವಾಗಿ ಸರಿಯಲೊಲ್ಲವು. ಅರ್ಧ ದಾರಿಯವರೆಗೆ ಸುಮ್ಮನಿದ್ದು, ಆಮೇಲೆ ‘ಟಪ್’ ಎಂದು ಒಮ್ಮೆಗೇ ಆಚೆ ಬೀಳುತ್ತವೆ. ಈ ‘ಟಪ್’ ಎಂಬುದಕ್ಕೆ ಒಂದು ಚರಿತ್ರೆಯಿದೆ.

ವಿದ್ಯುದ್ದೀಪ ಬಂದ ಹೊಸತರಲ್ಲಿ ಅದನ್ನು ಹತ್ತಿಸುವುದಕ್ಕಿಂತ ಆರಿಸುವುದೇ ಕಷ್ಟವಾಗಿತ್ತು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ನ್ಯೂಕ್ಯಾಸಲ್ ಪಟ್ಟಣದಿಂದ ಕೆಲವು ಹರದಾರಿ ದೂರದಲ್ಲಿ ಕ್ರ್ಯಾಗ್‌ಸೈಡ್ ಎಂಬ ಬಂಗಲೆಯಿದೆ. ಅದರ ಒಡೆಯ ವಿಲಿಯಂ ಆರ್ಮ್‌ಸ್ಟ್ರಾಂಗ್ ಎಂಬ ದೊಡ್ಡ ಎಂಜಿನಿಯರು. ತನ್ನ ಜಮೀನಿನ ನೀರಿನಿಂದಲೇ ಯಂತ್ರ ತಿರುಗಿಸಿ, 1880ರಲ್ಲಿ ತನ್ನ ಸ್ನೇಹಿತ ಜೋಸೆಫ್ ಸ್ವಾನನ ಹೊಸ ಗಾಜಿನ ದೀಪಗಳನ್ನು ಆತ ಮನೆತುಂಬ ಹಾಕಿಸಿದ. ಪುಸ್ತಕಶಾಲೆಯಲ್ಲಿ ನಾಲ್ಕು ತಾಮ್ರದ ಹೂದಾನಿಗಳ ಮೇಲೆ ನಾಲ್ಕು ದೀಪ. ಪ್ರತಿಯೊಂದು ಹೂದಾನಿಯ ಕೆಳಗೆ ಪಾದರಸ ತುಂಬಿದ ಬಟ್ಟಲು. ಹೂದಾನಿಯನ್ನು ಅದರ ಪೀಠದ ಮೇಲೆ ಕೂರಿಸಿದರೆ ತಂತಿ ಪಾದರಸಕ್ಕೆ ಮುಳುಗಿ ದೀಪ ಹತ್ತುವುದು. ಆರಿಸಬೇಕಾದರೆ ಹೂದಾನಿಯನ್ನೇ ಎತ್ತಬೇಕು! ಮಲಗುವ ಮುನ್ನ ಮನೆಯ ಯಜಮಾನ ಒಂದೊಂದಾಗಿ ಹೂದಾನಿ ಎತ್ತುತ್ತ ಹೋಗುವ ದೃಶ್ಯವನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಶ್ರೀಮಂತರಿಗೆ ಅದೂ ಒಂದು ವಿನೋದವೇ ಇದ್ದೀತು.

ಆದರೆ ಊರಿನವರಿಗೆಲ್ಲ ದೀಪ ಬರಬೇಕಾದರೆ ಹೂದಾನಿ ಸಾಲದು. ಎರಡು ಲೋಹದ ತುಂಡುಗಳನ್ನು ಕೂಡಿಸಿ ಬಿಡಿಸುವ ಸಾಧನ ಬೇಕು. ಕೂಡಿಸುವುದು ಸುಲಭ; ತೊಂದರೆ ಬಿಡಿಸುವಾಗ. ಅಂದಿನ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ಹರಿಯುತ್ತಿರುವ ದಾರಿಯನ್ನು ಸಾವಕಾಶವಾಗಿ ಕಡಿದರೆ ಅದು ಹರಿಯುವುದನ್ನು ಬಿಡುವುದಿಲ್ಲ; ಎರಡು ಲೋಹಗಳ ನಡುವಣ ಗಾಳಿಯನ್ನೇ ಕಾಯಿಸಿ, ಉರಿಯ ಎಳೆಯಾಗಿ ಹಾಯುತ್ತದೆ. ಆ ಉರಿ ಲೋಹವನ್ನು ತಿನ್ನುತ್ತದೆ, ಕೆಳಗಿನ ಮರವನ್ನು ಸುಡುತ್ತದೆ. ಮನೆಯಲ್ಲಿ ಒಬ್ಬರಿಗಿಂತ ಒಬ್ಬರು ನಿಧಾನಸ್ಥರು. ಅಡುಗೆಯವನು ಒಂದು ಬಗೆಯಲ್ಲಿ ಸನ್ನೆ ಎಳೆದರೆ ಅಜ್ಜಿ ಇನ್ನೊಂದು ಬಗೆ. ಇವರೆಲ್ಲರಿಗೂ ‘ಬೇಗ ಎಳೆಯಿರಿ’ ಎಂದು ಕಲಿಸಲಾದೀತೇ?

ಇದಕ್ಕೆ ದಾರಿ ಕಂಡವನು ಅದೇ ನ್ಯೂಕ್ಯಾಸಲ್ಲಿನ ಜಾನ್ ಹೆನ್ರಿ ಹೋಮ್ಸ್. ಕ್ವೇಕರ್ ಪಂಥಕ್ಕೆ ಸೇರಿದ ಮನೆತನದವನು. 1884ರಲ್ಲಿ ಅವನು ಪೇಟೆಂಟು ಪಡೆದ ಸ್ವಿಚ್ಚಿನ ಗುಟ್ಟು ಇಷ್ಟೆ: ಮನುಷ್ಯನ ಕೈಗೂ ಲೋಹದ ನಾಲಗೆಗೂ ನೇರ ಸಂಬಂಧ ಇಡಬಾರದು. ಕೈಯಿಂದ ಸ್ಪ್ರಿಂಗನ್ನು ಬಿಗಿ ಮಾಡಿಸಬೇಕು, ನಾಲಗೆಯನ್ನು ಸ್ಪ್ರಿಂಗಿನಿಂದ ಹಾರಿಸಬೇಕು. ಆಗ ಕೈ ಆಮೆಯದಾದರೂ ಬಿಡುಗಡೆ ಮೊಲದ್ದು. ಉರಿ ಹುಟ್ಟುವ ಮೊದಲೇ ದಾರಿ ಕಡಿದಿರುತ್ತದೆ. ಮನೆ ಮನೆಗಳ ಗೋಡೆಯಲ್ಲಿ ‘ಟಪ್’ ಎಂದು ಕೇಳಿಬಂದದ್ದು ಆ ಸ್ಪ್ರಿಂಗಿನ ಸದ್ದು. ಹೋಮ್ಸನ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಎಡಿಸನ್ನನ ಹೆಸರು ಶಾಲೆಯ ಹುಡುಗರಿಗೂ ಗೊತ್ತು. ದೀಪ ಹಚ್ಚಿದವರನ್ನು ನೆನೆಯುವಷ್ಟು ಲೋಕ ಆರಿಸಲು ಕಲಿಸಿದವರನ್ನು ನೆನೆಯುವುದಿಲ್ಲವೆಂದು ಕಾಣುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. ಮೈಸೂರು ಸಂಸ್ಥಾನಕ್ಕೆ ವಿದ್ಯುತ್ತು ಬಂದದ್ದು ಮನೆ ಬೆಳಗಿಸಲು ಅಲ್ಲ, ಚಿನ್ನ ತೆಗೆಯಲು. ಶಿವನಸಮುದ್ರದಲ್ಲಿ ಕಾವೇರಿ ಧುಮುಕುವುದನ್ನು ಕಣ್ಣಾರೆ ಕಂಡ ಎಂಜಿನಿಯರು ಜೋಲಿ ದ ಲಾಟ್‌ಬಿನಿಯೇರ್ ಯೋಜನೆ ಹಾಕಿದ; ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ಹಿಡಿದು ನಿಂತರು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. 1902ರ ಜೂನ್ ಕೊನೆಯಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಶಕ್ತಿ ಹರಿಯಿತು. ಅಂದಿನ ಜಗತ್ತಿನ ಅತಿ ಉದ್ದದ ತಂತಿ ಮಾರ್ಗಗಳಲ್ಲಿ ಅದೂ ಒಂದು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದರು. ಬೆಂಗಳೂರಿಗೆ ದೀಪ ಬಂದದ್ದು 1905ರ ಆಗಸ್ಟಿನಲ್ಲಿ, ಮೈಸೂರು ನಗರಕ್ಕೆ 1908ರಲ್ಲಿ.

ಇಲ್ಲೊಂದು ತಮಾಷೆಯಿದೆ. ಅಷ್ಟು ದೂರ ಶಕ್ತಿಯನ್ನು ಸಾಗಿಸಬೇಕಾದರೆ ಡಿ.ಸಿ.ಯಿಂದ ಆಗದ ಮಾತು. ಆದ್ದರಿಂದ ಶಿವನಸಮುದ್ರದ್ದು ಮೊದಲ ದಿನದಿಂದಲೇ ಎ.ಸಿ., ಅಂದರೆ ದಿಕ್ಕು ಬದಲಾಯಿಸುತ್ತ ಹರಿಯುವ ವಿದ್ಯುತ್ತು. ಈಗ ನಮ್ಮ ಮನೆಗಳಿಗೆ ಬರುವುದು ಸೆಕೆಂಡಿಗೆ ಐವತ್ತು ಸುತ್ತಿನದು. ಎಂದರೆ ಒಂದು ಸೆಕೆಂಡಿನಲ್ಲಿ ನೂರು ಸಲ ಅದು ತಾನಾಗಿ ಸೊನ್ನೆಗೆ ಇಳಿಯುತ್ತದೆ. ಆ ಗಳಿಗೆಯಲ್ಲಿ ಉರಿಯ ಎಳೆ ತಾನಾಗಿ ನಂದುತ್ತದೆ. ಹೋಮ್ಸ್ ಯಾವ ಪಿಶಾಚಿಯನ್ನು ಕಟ್ಟಿಹಾಕಲು ಆ ಬಿಗಿ ಸ್ಪ್ರಿಂಗನ್ನು ಕಂಡುಹಿಡಿದನೋ, ಆ ಪಿಶಾಚಿ ನಮ್ಮ ಬೆಂಗಳೂರಿನ ಮನೆಗಳಲ್ಲಿ ಅರ್ಧ ಸತ್ತೇ ಹುಟ್ಟಿತ್ತು. ಆದರೂ ಸ್ವಿಚ್ಚುಗಳು ಹಡಗಿನಲ್ಲಿ ಬಂದವು. ಹಡಗಿನಲ್ಲಿ ಬಂದದ್ದು ಹಡಗು ಹತ್ತಿದ ಊರಿನ ಅಗತ್ಯಕ್ಕೆ ತಕ್ಕಂತೆ ಇರುತ್ತದೆಯೇ ಹೊರತು ಇಳಿದ ಊರಿನದಕ್ಕಲ್ಲ. ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ, ನಮ್ಮ ಕಲ್ಕತ್ತೆಯಲ್ಲಿ, ಇಪ್ಪತ್ತನೆಯ ಶತಮಾನದಲ್ಲಿಯೂ ದಶಕಗಳ ಕಾಲ ಡಿ.ಸಿ. ಇತ್ತು. ಎರಡಕ್ಕೂ ಸಲ್ಲುವ ಸ್ವಿಚ್ಚನ್ನು ಮಾಡುವುದೇ ವ್ಯಾಪಾರಿಗೆ ಕ್ಷೇಮ. ಹೀಗಾಗಿ ಬಸವನಗುಡಿಯ ಹಜಾರಗಳಲ್ಲಿ ನ್ಯೂಕ್ಯಾಸಲ್ಲಿನ ಸದ್ದು ಅರ್ಧ ಶತಮಾನಕ್ಕೂ ಮಿಗಿಲಾಗಿ ಕೇಳುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲಷ್ಟೆ ಎ.ಸಿ.ಗೆಂದೇ ಮಾಡಿದ, ಮೆಲ್ಲನೆಯ ಸದ್ದಿನ ಸ್ವಿಚ್ಚುಗಳು ಬಳಕೆಗೆ ಬಂದವು. ಕೆಳಕ್ಕೆ ಒತ್ತಿದರೆ ದೀಪ ಎಂಬ ನಮ್ಮ ಪದ್ಧತಿಯೂ ಇಂಗ್ಲಿಷರದೇ. ಅಮೆರಿಕದಲ್ಲಿ ಮೇಲಕ್ಕೆ ಎತ್ತಿದರೆ ದೀಪ. ಯಂತ್ರ ಅಮೆರಿಕದಿಂದ ತಂದ ನಾವು ಸ್ವಿಚ್ಚಿನ ಶಾಸ್ತ್ರವನ್ನು ಇಂಗ್ಲೆಂಡಿನಿಂದ ತಂದೆವು.

ನಮ್ಮ ತಾತ ಮನೆ ಕಟ್ಟಿಸಿದ್ದು 1930ರ ದಶಕದ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಬೇಕಲೈಟಿನ ಕಂದು ಸ್ವಿಚ್ಚುಗಳು ಪೇಟೆಗೆ ಬಂದಿದ್ದವು. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಲಿಯೋ ಬೇಕ್‌ಲೆಂಡ್ 1907ರಲ್ಲಿ ತಯಾರಿಸಿದ ಈ ವಸ್ತು ಶಾಖಕ್ಕೆ ಕರಗದು, ವಿದ್ಯುತ್ತನ್ನು ಹಾಯಿಸದು. ಹಿತ್ತಾಳೆಯ ಮುಚ್ಚಳಕ್ಕಿಂತ ಎಷ್ಟೋ ಮೇಲು. ಹಿತ್ತಾಳೆಗೆ ನೆಲದ ತಂತಿ ಜೋಡಿಸದಿದ್ದರೆ, ಒಳಗಿನ ಕಾಗದದ ಅಸ್ತರಿ ಹರಿದ ದಿನ ಅದು ಅಲಂಕಾರವಲ್ಲ, ಅಪಾಯ. ನಮ್ಮದಕ್ಕೆ ನೆಲದ ತಂತಿ ಇರಲೇ ಇಲ್ಲ. ಹಳೆಯದೆಲ್ಲ ಗಟ್ಟಿ, ಹೊಸದೆಲ್ಲ ಪೊಳ್ಳು ಎನ್ನುವ ಮಿತ್ರರಿಗೆ ನಾನು ಆ ಜುಮ್ಮನ್ನು ನೆನಪಿಸುತ್ತೇನೆ.

ತಂತಿಗಳ ಕಥೆಯೂ ಸ್ವಾರಸ್ಯವಾಗಿದೆ. ಗೋಡೆಯ ಮೇಲೆ ಗಾಡಿ ಕೊರೆದ ತೇಗದ ಪಟ್ಟಿ, ಅದಕ್ಕೆ ಮುಚ್ಚುವ ಇನ್ನೊಂದು ಪಟ್ಟಿ, ನಡುವೆ ತಂತಿ. ಕೇಸಿಂಗ್-ಕ್ಯಾಪಿಂಗ್ ಎಂದು ಅದರ ಹೆಸರು. ತಂತಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ನೂಲಿನ ಹೆಣಿಗೆ. ಹುಡುಗ ಕತ್ತರಿಸಿ ನೋಡಿ, “ಸಾರ್, ಇದು ತಾಮ್ರ ಅಲ್ಲ, ಬೆಳ್ಳಗಿದೆ” ಎಂದ. ತಾಮ್ರವೇ, ಆದರೆ ಮೇಲೆ ಕಲಾಯಿ. ರಬ್ಬರನ್ನು ಹದ ಮಾಡಲು ಗಂಧಕ ಹಾಕುತ್ತಾರೆ, ಗಂಧಕ ತಾಮ್ರವನ್ನು ತಿನ್ನುತ್ತದೆ. ಅದಕ್ಕೇ ತವರದ ಹೊದಿಕೆ. ನಮ್ಮ ಪಾತ್ರೆಗೆ ಹುಳಿ ತಾಗದಿರಲಿ ಎಂದು ಕಲಾಯಿ ಹಾಕಿಸುತ್ತಿದ್ದ ಹಾಗೆ. ರಬ್ಬರು ಮಾತ್ರ ಒಣಗಿ, ಕೈಯಲ್ಲಿ ಹಿಡಿದರೆ ಹಳೆಯ ಹಪ್ಪಳದಂತೆ ಪುಡಿಯಾಗುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ನನ್ನನ್ನು ಕಾಡಿದ್ದು ಬೇರೊಂದು ಪ್ರಶ್ನೆ. ಮೆಟ್ಟಿಲಿಗೆ ಎರಡು ಸ್ವಿಚ್ಚು ಹಾಕಿಸುವುದೇ ಆ ಕಾಲಕ್ಕೆ ಠೀವಿ. ಕಾಸಿಗೆ ಕಾಸು ಕೂಡಿಸುತ್ತಿದ್ದ, ಒಂದು ಕೋಣೆಯ ದೀಪವಾರದೆ ಇನ್ನೊಂದು ಕೋಣೆಯಲ್ಲಿ ಹತ್ತಗೊಡದ ನಮ್ಮ ತಾತ ಮೂರನೆಯದನ್ನು ಏಕೆ ಹಾಕಿಸಿದರು?

ಅತ್ತೆಯನ್ನು ಕೇಳಿದೆ.

“ಅಜ್ಜಿಗೆ ಅಂತ ಹಾಕಿಸಿದ್ದು,” ಎಂದರು. ಅವರ ಅಜ್ಜಿ, ಎಂದರೆ ತಾತನ ತಾಯಿ. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಒಬ್ಬ ಮಗನನ್ನು ಓದಿಸಿದಾಕೆ. ಅವರಿಗೆ ಆ ನಡುಕೋಣೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಚ್ಚಲುಮನೆಗೆ ಇಳಿಯಬೇಕು, ಕಣ್ಣು ಮಂಜಾಗಿತ್ತು. ಮನೆಗೆ ಬಂದ ಮೊದಲ ವರ್ಷವೇ ಆ ತಿರುವಿನಲ್ಲಿ ಜಾರಿ ಬಿದ್ದರಂತೆ. ಅದಾದ ಮೇಲೆ ತಾತ ಯಾರಿಗೂ ಹೇಳದೆ ಪೇಟೆಗೆ ಹೋಗಿ ಈ ಸ್ವಿಚ್ಚನ್ನು ತಂದರು.

“ಆದರೆ ಅಜ್ಜಿ ಅದನ್ನ ಒಂದು ದಿನವೂ ಮುಟ್ಟಲಿಲ್ಲ ನೋಡು. ಎಲ್ಲರೂ ಮುಟ್ಟೋದು, ಮಡಿಗೆ ಆಗೋಲ್ಲ ಅಂತ. ಮೊದಮೊದಲು ಊರುಗೋಲಿನ ತುದಿಯಿಂದ ತಳ್ಳೋರು. ಆಮೇಲೆ ನನ್ನನ್ನೇ ಎಬ್ಬಿಸೋರು. ನನಗೆ ಐದೋ ಆರೋ. ಕಣ್ಣು ಮುಚ್ಚಿಕೊಂಡೇ ಎದ್ದು, ಹಾಕಿ, ಅಜ್ಜಿ ಇಳಿಯೋ ತನಕ ನಿಂತಿದ್ದು, ಆರಿಸಿ ಮಲಗ್ತಿದ್ದೆ.”

ತೇಗದ ದಿಮ್ಮಿಯನ್ನು ತಂದು ಬೆಳಕಿಗೆ ಹಿಡಿದೆ. ಬಣ್ಣದ ಪದರುಗಳ ಕೆಳಗೆ, ಸನ್ನೆಯ ಆಚೀಚೆ, ಊರುಗೋಲು ಕುಕ್ಕಿದ ಏಳೆಂಟು ಗುಳಿಗಳು ಇದ್ದವು.

ಈಗ ಬದಲಿ ಹುಡುಕದೆ ವಿಧಿಯಿರಲಿಲ್ಲ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ವಿದ್ಯುತ್ ಸಾಮಾನು ಬೇಕಾದವರೆಲ್ಲ ಹೋಗುವುದು ಅಲ್ಲಿಗೆ. ಮೊದಲ ಅಂಗಡಿಯಲ್ಲಿ ಟೂ-ವೇ ಕೊಟ್ಟರು. ಅದಲ್ಲ, ನಾಲ್ಕು ತಂತಿಯದು ಎಂದೆ. ಎರಡನೆಯ ಅಂಗಡಿಯವನು ಎರಡು ಟೂ-ವೇ ತೆಗೆದುಕೊಳ್ಳಿ, ಆರು ತಂತಿಯಾಗುತ್ತದೆ ಎಂದು ನಕ್ಕ. ಮೂರನೆಯವನು ರಿಮೋಟಿನಿಂದ ಹತ್ತುವ ದೀಪ, ಮನುಷ್ಯ ನಡೆದರೆ ತಾನಾಗಿ ಹತ್ತುವ ದೀಪ, ಮಾತಾಡಿದರೆ ಹತ್ತುವ ದೀಪ ಇವನ್ನೆಲ್ಲ ತೋರಿಸಿದ. ನಡೆದರೆ ಹತ್ತುವುದನ್ನು ಹಾಕಿಸಬಹುದಿತ್ತು. ಆದರೆ ಬೆಕ್ಕು ನಡೆದರೂ ಅದು ಹತ್ತುತ್ತದೆ, ಅತ್ತೆ ಮೆಟ್ಟಿಲಲ್ಲಿ ಕುಳಿತು ಉಸಿರು ತೆಗೆದುಕೊಳ್ಳುವಾಗ ಆರಿಹೋಗುತ್ತದೆ.

ಆರನೆಯದೋ ಏಳನೆಯದೋ ಅಂಗಡಿ. ಗಲ್ಲದ ಮುಂದೆ ಕುಳಿತಿದ್ದ ಹಿರಿಯರು ನಾನು ಕೈಚೀಲದಿಂದ ತೆಗೆದ ಹಿತ್ತಾಳೆಯ ಗುಮ್ಮಟವನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು. ಸನ್ನೆಯನ್ನು ಎರಡು ಸಲ ‘ಟಪ್ ಟಪ್’ ಎನ್ನಿಸಿದರು. “ಇಂಟರ್‌ಮೀಡಿಯಟ್ಟು. ಮನೆಗೆ ಯಾರು ಕೇಳ್ತಾರೆ ಸ್ವಾಮಿ ಇದನ್ನ? ಹೋಟೆಲಿನ ಉದ್ದ ಓಣಿಗೆ, ಆಸ್ಪತ್ರೆಗೆ ಹಾಕ್ತಾರೆ.” ನಾನು ಕೇಳದಿದ್ದರೂ ಒಂದು ರಸೀತಿಯ ಬೆನ್ನಿನ ಮೇಲೆ ಬರೆದು ತೋರಿಸಿದರು. ಕೆಳಗಿನ ಸ್ವಿಚ್ಚಿನಿಂದ ಮೇಲಿನ ಸ್ವಿಚ್ಚಿಗೆ ಎರಡು ತಂತಿ ಓಡುತ್ತವೆ, ರೈಲಿನ ಎರಡು ಹಳಿಗಳ ಹಾಗೆ. ಕೆಳಗಿನವನು ವಿದ್ಯುತ್ತನ್ನು ಯಾವುದೋ ಒಂದು ಹಳಿಗೆ ಬಿಡುತ್ತಾನೆ. ಮೇಲಿನವನು ಯಾವುದೋ ಒಂದು ಹಳಿಯಲ್ಲಿ ಕಾದಿರುತ್ತಾನೆ. ಇಬ್ಬರದೂ ಒಂದೇ ಹಳಿಯಾದರೆ ದೀಪ. ನಡುವಿನದು ಹತ್ತಿಸುವುದೂ ಇಲ್ಲ, ಆರಿಸುವುದೂ ಇಲ್ಲ. ಹಳಿಗಳನ್ನು ನೇರ ಬಿಡುತ್ತದೆ, ಇಲ್ಲವೆ ಅದಲುಬದಲು ಮಾಡುತ್ತದೆ. ಅದಕ್ಕೇ ಅದಕ್ಕೆ ಮೇಲು ಕೆಳಗೆಂಬ ಗೊತ್ತಿಲ್ಲ. ಹೀಗೆ ನಡುನಡುವೆ ಎಷ್ಟು ಬೇಕಾದರೂ ಸೇರಿಸುತ್ತ ಹೋಗಬಹುದು. ಅರಮನೆಯ ಮೆಟ್ಟಿಲಿಗೂ ಸಾಲುತ್ತದೆ.

ಅರವತ್ತು ವರ್ಷ ‘ತಲೆಹರಟೆ’ ಎಂದು ಬೈದವನಿಗೆ ಅರ್ಧ ತುಂಡು ಕಾಗದದಲ್ಲಿ ಉತ್ತರ ಸಿಕ್ಕಿತು.

ಅಂಗಡಿಯಲ್ಲಿ ಸರಕು ಇರಲಿಲ್ಲ. ನಾಲ್ಕು ದಿನ ಬಿಟ್ಟು ತರಿಸಿಕೊಟ್ಟರು. ಬಿಳಿಯ ಚೌಕ, ಬೆನ್ನಿನಲ್ಲಿ ನಾಲ್ಕು ತಿರುಪು. ಎಲೆಕ್ಟ್ರಿಷಿಯನ್ ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ರಸೀತಿಯ ಹಿಂದಿನ ಚಿತ್ರವನ್ನು ತನ್ನ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಗೋಡೆಯೊಳಗೆ ಹೊಸ ಕೊಳವೆ, ಹೊಸ ತಂತಿ, ನೆಲದ ತಂತಿ, ಷಾಕು ಹೊಡೆದರೆ ತಾನಾಗಿ ಕಡಿಯುವ ಯಂತ್ರ, ಎಲ್ಲವೂ ಆಯಿತು. ಸ್ವಿಚ್ಚನ್ನು ಇನ್ನೊಂದು ಗೇಣು ಮೇಲಕ್ಕೆ ಹಾಕುತ್ತೇನೆ, ಉಳಿದವುಗಳ ಸಾಲಿಗೆ ಬರುತ್ತದೆ ಎಂದ. ಬೇಡ, ಇದ್ದಲ್ಲೇ ಇರಲಿ ಎಂದೆ.

ಆ ರಾತ್ರಿ ಎರಡರ ಹೊತ್ತಿಗೆ ಎಚ್ಚರವಾಯಿತು. ಮೆಟ್ಟಿಲಿನಲ್ಲಿ ಬೆಳಕು ಕಂಡಿತು, ಸದ್ದೇನೂ ಕೇಳಿರಲಿಲ್ಲ. ಹೊರಗೆ ಬಂದು ನೋಡಿದರೆ ಅತ್ತೆ ತಿರುವಿನಲ್ಲಿ ನಿಂತು, ಕೈಯನ್ನು ಸ್ವಿಚ್ಚಿನ ಮೇಲೆಯೇ ಇಟ್ಟುಕೊಂಡು, ತಲೆಯೆತ್ತಿ ಬಲ್ಬನ್ನು ನೋಡುತ್ತಿದ್ದರು.

“ಹತ್ತಿತೋ ಇಲ್ಲವೋ ಗೊತ್ತೇ ಆಗೋಲ್ಲವಲ್ಲೋ ಇದು,” ಎಂದರು. ಆಮೇಲೆ ಕಂಬಿ ಹಿಡಿದುಕೊಂಡು ಮೆಲ್ಲಗೆ ಇಳಿದರು. ಅವರ ಹಿಂದೆ ಗೋಡೆಯಲ್ಲಿ, ಬಿಳಿಯ ಚೌಕದ ಸುತ್ತ, ಹಳೆಯ ದುಂಡು ದಿಮ್ಮಿಯ ಗುರುತು ನಾಲ್ಕು ಕಡೆಯೂ ಸ್ವಲ್ಪ ಸ್ವಲ್ಪ ಹೊರಗೆ ಕಾಣುತ್ತಿತ್ತು. ಅದಕ್ಕೆ ಬಣ್ಣ ಬಳಿಯಬೇಕು.